ಅಕ್ಕನ ಮುಂದಿನ ಹಲ್ಲು

ನಮ್ಮ ಭಾವ ಹಲ್ಲು ಕಟ್ಟುವವರು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಸೆಟ್ಟು ತಯಾರು ಮಾಡಿ ವಾಪಸು ಕಳಿಸುತ್ತಾರೆ. ನಾನು ಅವರ ಹೆಂಡತಿಯ ತಂಗಿ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು, ತಯಾರಾದ ಸೆಟ್ಟುಗಳನ್ನು ಉಜ್ಜಿ ಹೊಳಪು ಕೊಡುವವಳು. ಹಾಗಾಗಿ ಕ್ಲಿನಿಕ್ಕಿನವರೆಲ್ಲ ನನ್ನನ್ನು ಪಾಲಿಶ್ ಎಂದೇ ಕರೆಯುತ್ತಾರೆ. ಕರೆಯಲಿ. ಬೆಳಗಿನಿಂದ ಸಂಜೆಯವರೆಗೆ ಊರವರ ಹಲ್ಲುಜ್ಜುವವಳಿಗೆ ಅದಕ್ಕಿಂತ ಒಳ್ಳೆಯ ಹೆಸರು ಎಲ್ಲಿಂದ ಬರಬೇಕು?

ಕೋಣೆ ಚಿಕ್ಕದು. ಕಿಟಕಿಯ ಕೆಳಗೆ ಭಾವನ ಮೇಜು. ಮೇಜಿನ ಮೇಲೆ ಮೇಣ ಕಾಯಿಸುವ ಸಣ್ಣ ಉರಿ, ಮೊಂಡು ಚಾಕು, ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಕೀಲಿನಲ್ಲಿ ಜೋಡಿಸುವ ಹಿತ್ತಾಳೆ ಚೌಕಟ್ಟು. ಗೋಡೆಯ ಹಲಗೆಗಳ ಮೇಲೆ ಸಾಲುಸಾಲಾಗಿ ಪ್ಲಾಸ್ಟರ್ ದವಡೆಗಳು. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಹಿಂದೆಲ್ಲ ಭಾವ ಕೆಲಸ ಮಾಡುತ್ತಾ ಆ ದವಡೆಗಳನ್ನು ಮಾತಾಡಿಸುತ್ತಿದ್ದರು. "ಏನಜ್ಜ, ಒಂದೇ ಕಡೆ ಅಗಿದೂ ಅಗಿದೂ ಸವೆಸಿಬಿಟ್ಟಿದ್ದೀಯಲ್ಲ, ಇನ್ನೊಂದು ಕಡೆ ಏನು ಬಾಡಿಗೆಗೆ ಕೊಟ್ಟಿದ್ಯಾ?" ಎಂದು ಗದರುವುದು, ತಾವೇ ನಗುವುದು. ಎದುರಿಗೆ ಕೂತ ನನಗೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಊರ ತುಂಬ ಶಾಖೆಗಳಿರುವ ಒಂದು ದೊಡ್ಡ ಕ್ಲಿನಿಕ್ಕಿನ ಕೆಲಸ ನಮಗೆ ಸಿಕ್ಕಿತು. ಅವರಿಗೆ ಎಲ್ಲವೂ ಇವತ್ತೇ ಬೇಕು. ಬೆಳಿಗ್ಗೆ ಅಚ್ಚು ಬಂದರೆ ಸಂಜೆಗೆ ಬಾಯಿಗಿಟ್ಟು ನೋಡುವ ಮೇಣದ ಸೆಟ್ಟು ಬೇಕು, ಸಂಜೆ ಬಂದರೆ ಬೆಳಿಗ್ಗೆಗೆ. ಭಾವನ ಕಿವಿಗೆ ಫೋನಿನ ಗುಂಡಿ ಅಂಟಿಕೊಂಡಿತು. ದವಡೆಗಳ ಜೊತೆ ಮಾತು ನಿಂತಿತು. ಒಂದು ಶಾಖೆಯ ಡಾಕ್ಟರಿಗೆ ಸಮಾಧಾನ ಹೇಳುತ್ತಾ ಇನ್ನೊಂದು ಶಾಖೆಯ ಹಲ್ಲು ಜೋಡಿಸುವುದು, ಬ್ರೆಡ್ಡು ಒಂದು ಕೈಯಲ್ಲಿ, ಚಾಕು ಒಂದು ಕೈಯಲ್ಲಿ. ಒಮ್ಮೆ ಮೇಣದ ಚೂರನ್ನೇ ಬಾಯಿಗೆ ಹಾಕಿಕೊಂಡು ಅಗಿದು, "ಇವತ್ತು ಬ್ರೆಡ್ಡು ಯಾಕೋ ಗಟ್ಟಿ" ಎಂದರು. ನಾನು ನಕ್ಕೆ. ಅವರಿಗೆ ಯಾಕೆ ನಕ್ಕೆನೆಂದು ತಿಳಿಯಲಿಲ್ಲ.

ಮೊನ್ನೆ ಆ ಕ್ಲಿನಿಕ್ಕಿನಿಂದ ಒಬ್ಬ ಹುಡುಗಿ ಬಂದಳು. ತಮಗೆ ಕೆಲಸ ಮಾಡಿಕೊಡುವವರ ಮನಸ್ಸು ಹೇಗಿದೆ ಎಂದು ವಿಚಾರಿಸಿಕೊಂಡು ಬಾ ಅಂದಿದ್ದರಂತೆ. ಮನಸ್ಸು ಕೆಡಿಸುವವರೂ ಅವರೇ, ವಿಚಾರಿಸುವವರೂ ಅವರೇ! ಪಾಪ, ಹುಡುಗಿಯದೇನೂ ತಪ್ಪಿಲ್ಲ.

"ಸರ್, ಕೆಲಸದ ಒತ್ತಡ ಹತ್ತಕ್ಕೆ ಎಷ್ಟು?" ಎಂದಳು.

"ಒಂಬತ್ತು ಹಾಕ್ಕೊಳಮ್ಮ," ಎಂದರು ಭಾವ, ಕಣ್ಣೆತ್ತದೆ.

"ಜೀವನದಲ್ಲಿ ತೃಪ್ತಿ?"

"ಎಂಟು."

ಫೋನಿನಲ್ಲಿ ಉತ್ತರ ಒತ್ತಿಕೊಳ್ಳುತ್ತಿದ್ದ ಹುಡುಗಿಯ ಬೆರಳು ನಿಂತಿತು. "ಒತ್ತಡ ಅಷ್ಟಿದ್ದವರು ತೃಪ್ತಿ ಇಷ್ಟು ಹೇಳಲ್ಲ ಸರ್. ಮೂರು, ನಾಲ್ಕು ಅಂತಾರೆ."

"ಒತ್ತಡ ಇಲ್ಲಿದು. ಮನೇಲಿ ನಂಗೇನೂ ತೊಂದರೆ ಇಲ್ಲ ನೋಡು. ಒಂದು ಜಗಳ ಇಲ್ಲ, ಒಂದು ಎದುರುಮಾತಿಲ್ಲ. ಎಷ್ಟು ಜನಕ್ಕಿದೆ ಆ ಪುಣ್ಯ?"

ನಾನು ಉಜ್ಜುವ ಯಂತ್ರವನ್ನು ಜೋರು ಮಾಡಿದೆ. ಇಲ್ಲದಿದ್ದರೆ ಬಾಯಿ ಬಿಟ್ಟುಬಿಡುತ್ತಿದ್ದೆ.

ಯಾಕೆಂದರೆ ಜಗಳವಿಲ್ಲದ್ದು ನಿಜ. ಆ ಮನೆಯಲ್ಲಿ ಮಾತೇ ಇರಲಿಲ್ಲ, ಇನ್ನು ಜಗಳ ಎಲ್ಲಿಂದ ಬರಬೇಕು? ಅಕ್ಕ ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವವಳು. ಅವಳು ಬಾಯಿ ತೆರೆದರೆ ಸಾವಿರ ಜನ ತಲೆ ಎತ್ತುತ್ತಾರೆ, ಓಡುವವರು ನಿಲ್ಲುತ್ತಾರೆ, ನಿಂತವರು ಓಡುತ್ತಾರೆ. ಮನೆಯಲ್ಲಿ ಅದೇ ಬಾಯಿ ತೆರೆದರೆ ಭಾವ "ಹ್ಞೂಂ" ಎನ್ನುತ್ತಿದ್ದರು. ನೀರು ಬರುತ್ತಿಲ್ಲವೆಂದರೂ ಹ್ಞೂಂ, ಅತ್ತೆಗೆ ಜ್ವರವೆಂದರೂ ಹ್ಞೂಂ. ಅಕ್ಕ ಒಮ್ಮೆ ಬೇಕೆಂದೇ, "ರೀ, ನಾನು ಇನ್ನೊಂದು ಮದುವೆ ಆಗ್ತೀನಿ" ಎಂದು ನೋಡಿದಳು. ಅದಕ್ಕೂ ಹ್ಞೂಂ! ಅಂದು ಅಕ್ಕ ಬಂದು ನನಗೆ ಹೇಳಿ ನಕ್ಕಳು. ಎರಡನೆಯ ಸಲ ಹೇಳುವಾಗ ನಗಲಿಲ್ಲ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅಕ್ಕನ ಮೇಲಿನ ಸಾಲಿನ ನಡುವೆ ಇದ್ದ ಎರಡು ಹಲ್ಲುಗಳಲ್ಲಿ ಎಡಗಡೆಯದು ಚೂರು ವಾಲಿಕೊಂಡು ಬಲಗಡೆಯದರ ಮೇಲೆ ಹತ್ತಿ ಕೂತಿತ್ತು, ಬೆಂಚಿನ ಮೇಲೆ ಪಕ್ಕದವರನ್ನು ಒತ್ತಿಕೊಂಡು ಕೂರುವವರ ಹಾಗೆ. ನಮ್ಮಪ್ಪನಿಗೆ ಹಲ್ಲು ಕಟ್ಟಿಸಿದಾಗ ಕಟ್ಟಿದವರು ಇದೇ ಭಾವ. ಹೊಸ ಸೆಟ್ಟು ಹಾಕಿಕೊಂಡ ಅಪ್ಪ ಆಡಿದ ಮೊದಲ ಮಾತು ಬರೀ ಬುಸುಬುಸು ಗಾಳಿಯಾಗಿ ಬಂತು. ಅಕ್ಕ ತಡೆಯಲಾರದೆ ನಕ್ಕಳು. ಚಾಕು ಹಿಡಿದ ಭಾವ ಹಾಗೇ ನಿಂತರು. ಅಪ್ಪನ ಹಲ್ಲು ಕಟ್ಟಲು ಬಂದವರು ಅಕ್ಕನ ಹಲ್ಲು ನೋಡಿಕೊಂಡು ಹೋದರು. ಮದುವೆಯಾದ ಹೊಸತರಲ್ಲಿ ಅಕ್ಕ ಆ ಹಲ್ಲನ್ನು ನೆಟ್ಟಗೆ ಮಾಡಿಸಿಕೊಳ್ಳುವ ಮಾತೆತ್ತಿದರೆ, "ಅದನ್ನ ಮುಟ್ಟಿದವರ ಕೈ ಮುರೀತೀನಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು.

ಎಂಟು ತಿಂಗಳ ಹಿಂದೆ ಅಕ್ಕ ಗಾಜಿನ ಗೂಡಿನ ಕಬ್ಬಿಣದ ಮೆಟ್ಟಿಲಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದಳು. ತುಟಿ ಒಡೆಯಿತು, ಆ ಹಲ್ಲು ಅರ್ಧಕ್ಕೆ ಮುರಿಯಿತು. ರಕ್ತ ಒರೆಸಿಕೊಳ್ಳುತ್ತಲೇ ಭಾವನಿಗೆ ಫೋನು ಮಾಡಿದಳು. ನಾನು ಎದುರಿಗೇ ಇದ್ದೆ, ಆದರೆ ಫೋನು ಅಕ್ಕನದೆಂದು ನನಗೇನು ಗೊತ್ತು? ಭಾವ ಮೇಣ ಕಾಯಿಸುತ್ತಾ, "ಹ್ಞೂಂ, ಹ್ಞೂಂ, ಆಮೇಲೆ ಮಾಡ್ತೀನಿ" ಎಂದು ಇಟ್ಟರು. ಆಮೇಲೆ ಮಾಡಲಿಲ್ಲ. ಅಕ್ಕ ನನಗೆ ಫೋನು ಮಾಡಿದಳು. ಏನೋ ನೆಪ ಹೇಳಿ ಎದ್ದುಹೋಗಿ, ಅವಳನ್ನು ನಮ್ಮ ಪರಿಚಯವಿಲ್ಲದ ಯಾವುದೋ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಉಳಿದದ್ದನ್ನು ಉಜ್ಜಿ ಸಣ್ಣ ಮಾಡಿ ಮೇಲೊಂದು ಕ್ಯಾಪು ಕೂರಿಸಿದರು. ನೆಟ್ಟಗೆ, ಅಚ್ಚುಕಟ್ಟಾಗಿ. ವಾಲಿದ ಹಲ್ಲು ಹೋಯಿತು.

"ಭಾವನಿಗೆ ನೀನು ಹೇಳ್ಬೇಡ," ಎಂದಳು ಅಕ್ಕ ದಾರಿಯಲ್ಲಿ. "ಆಣೆ ಮಾಡು. ಅವರೇ ನೋಡ್ಲಿ."

ಮಾಡಿದೆ. ಊತ ಇಳಿಯುವವರೆಗೆ ಅಕ್ಕನ ಮಾತಿನಲ್ಲಿ ಸಣ್ಣ ಸೀಟಿ ಹೊರಡುತ್ತಿತ್ತು. ಕಂಡಕ್ಟರುಗಳು ಕೇಳಿದರು, ಚಹಾದವನು ಕೇಳಿದ, ದಿನಾ ಬಸ್ಸು ತಪ್ಪಿಸಿಕೊಳ್ಳುವ ಒಬ್ಬ ಮುದುಕ ಗಾಜು ತಟ್ಟಿ, "ಏನಾಯ್ತಮ್ಮಾ ಬಾಯಿಗೆ?" ಎಂದ. ಹಲ್ಲೇ ಕಸುಬಾದ ಗಂಡ ಮಾತ್ರ ನೋಡಲಿಲ್ಲ. ತುಟಿಯ ಗಾಯ ಮಾಯುವವರೆಗೂ ನೋಡಲಿಲ್ಲ. ಬೆಳಿಗ್ಗೆ ಅವಳು ಏಳುವ ಮೊದಲೇ ಹೋಗುವುದು, ಬಂದಮೇಲೆ ಫೋನಿನಲ್ಲಿ ಕಣ್ಣಿಟ್ಟು ಉಣ್ಣುವುದು. ನನಗೆ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಇಡೀ ದಿನ ಎದುರಿಗೆ ಕೂತು ಅವರು ಊಟ ಬಿಟ್ಟು ದುಡಿಯುವುದನ್ನೂ ನೋಡುತ್ತಿದ್ದೆನಲ್ಲ. ಪೂರ್ತಿ ಸಿಟ್ಟು ಮಾಡಲೂ ಆಗುತ್ತಿರಲಿಲ್ಲ.

ಕೊನೆಗೆ ಅಕ್ಕ ತಾನೇ ಅರ್ಜಿ ಕೊಟ್ಟು ದೂರದ ಊರಿನ ನಿಲ್ದಾಣಕ್ಕೆ ವರ್ಗ ಕೇಳಿದಳು. ಸಿಕ್ಕಿತು. ಒಬ್ಬಳಿಗೆ ಸಾಕಾಗುವಂಥ ಕೋಣೆಯನ್ನೂ ಕೊಡುತ್ತಾರಂತೆ. ಶನಿವಾರ ಮಧ್ಯಾಹ್ನದೊಳಗೆ ಹೋಗುತ್ತೇನೆ ಅಥವಾ ಇಲ್ಲ ಎಂದು ಹೇಳಬೇಕು. ಭಾವನಿಗೆ ಮೂರು ಸಲ ಹೇಳಿದ್ದಳು. ಮೂರು ಸಲವೂ ಹ್ಞೂಂ.

"ಅಲ್ಲಿ ಹೋಗಿ ಏನು ಮಾಡ್ತೀಯೇ ಅಕ್ಕಾ? ಅಲ್ಲೂ ಇದೇ ಮೈಕು, ಇದೇ ಬಸ್ಸು," ಎಂದೆ.

"ಅಲ್ಲಿ ಮನೇಲಿ ಯಾರೂ ಇರಲ್ಲ. ಯಾರೂ ಇಲ್ಲದ ಮನೇಲಿ ಯಾರೂ ಮಾತಾಡಿಸ್ದಿದ್ರೆ ಬೇಜಾರಾಗಲ್ಲ ಕಣೇ," ಎಂದಳು.

ಅದೇ ವಾರ ಈಜು ಕಲಿಸುತ್ತಿದ್ದ ಒಬ್ಬ ಹೆಂಗಸಿನ ಅಚ್ಚು ಬಂತು. ವಯಸ್ಸಾಗಿ ಹಲ್ಲೆಲ್ಲ ಹೋಗಿತ್ತು. ಹಲ್ಲು ಸಾಲಾಗಿ ನೆಟ್ಟಗಿರಬೇಕು ಎಂದು ಆ ಕ್ಲಿನಿಕ್ಕಿನ ಡಾಕ್ಟರಮ್ಮ ಒತ್ತಿ ಹೇಳಿದ್ದರು. ಭಾವ ಎಂದಿನಂತೆ ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಾ ಮೇಣದಲ್ಲಿ ಹಲ್ಲು ನಿಲ್ಲಿಸಿ ಕಳಿಸಿದರು. ಮರುದಿನ ವಾಪಸು ಬಂತು. ಮುಂದಿನ ಹಲ್ಲು ಸೊಟ್ಟ. "ನೆಟ್ಟಗೆ ಅಂತ ಹೇಳಿದ್ನಲ್ಲ" ಎಂದು ಡಾಕ್ಟರಮ್ಮ ಫೋನಿನಲ್ಲಿ ಕೂಗಿದ್ದು ನನ್ನ ಮೂಲೆಯವರೆಗೆ ಕೇಳಿಸಿತು. ಭಾವ ಮೇಣ ಕಾಯಿಸಿ, ಹಲ್ಲು ಕಿತ್ತು, ಮತ್ತೆ ನಿಲ್ಲಿಸಿದರು. ಅಷ್ಟರಲ್ಲಿ ಇನ್ನೊಂದು ಶಾಖೆಯ ಫೋನು. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು. ಸೆಟ್ಟು ಹೋಯಿತು.

ಶುಕ್ರವಾರ ಆ ಹೆಂಗಸು ಕ್ಲಿನಿಕ್ಕಿನಿಂದ ಸೀದಾ ನಮ್ಮಲ್ಲಿಗೇ ಮೆಟ್ಟಿಲು ಹತ್ತಿ ಬಂದರು. ಎತ್ತರದ ಆಳು, ಅಗಲ ಭುಜ, ಕೊರಳಲ್ಲಿ ಇನ್ನೂ ಸೀಟಿ. ಸ್ಟೂಲಿನ ಮೇಲೆ ಕೂತು, ಡಬ್ಬಿ ತೆರೆದು, ಮೇಣದ ಸೆಟ್ಟನ್ನು ಬಾಯಿಗಿಟ್ಟುಕೊಂಡು, ನನ್ನ ಕನ್ನಡಿ ಇಸಕೊಂಡು ನೋಡಿಕೊಂಡರು. ನಾನು ಕಾದಿದ್ದು ಬೈಗುಳಕ್ಕೆ.

"ಚೆನ್ನಾಗೇ ಇದೆ ಕಣ್ರೀ," ಎಂದರು. "ಆದ್ರೆ ಇದು ನನ್ನ ನಗು ಅಲ್ಲ. ಯಾರೋ ಬೇರೆಯವರದು. ಎರಡು ಸಲ ಮಾಡಿದ್ರಿ, ಎರಡು ಸಲಾನೂ ನನ್ನ ಬಾಯೊಳಗೆ ಅದೇ ಯಾರೋ ಹುಡುಗಿ ಬಂದು ಕೂತಿದ್ದಾಳೆ."

ಭಾವ ಮೊದಲ ಸಲ ಕಿವಿಯ ಗುಂಡಿ ತೆಗೆದರು. ಕೈ ತೊಳೆದು, ಅವರ ಬಾಯಿಂದ ಸೆಟ್ಟನ್ನು ಮೆಲ್ಲಗೆ ಬಿಡಿಸಿ, ದೀಪದ ಕೆಳಗೆ ಹಿಡಿದರು. ಎಡಗಡೆಯ ಹಲ್ಲು ಚೂರು ವಾಲಿ ಬಲಗಡೆಯದರ ಮೇಲೆ ಹತ್ತಿ ಕೂತಿತ್ತು. ನಾನು ಎದ್ದು ಬಂದು ಅವರ ಹೆಗಲ ಮೇಲಿಂದ ಇಣುಕಿದೆ.

"ಅಯ್ಯೋ!" ಎಂದರು ಭಾವ. ಮುಖ ಅರಳಿಬಿಟ್ಟಿತು. ಎರಡು ವರ್ಷದಿಂದ ನಾನು ನೋಡದ ಮುಖ. "ಇದು ನಮ್ಮನೆಯವಳದು! ನೋಡೇ ಪಾಲಿಶ್, ನಿಮ್ಮಕ್ಕಂದು! ಡಿಟ್ಟೋ!"

ಆ ಹೆಂಗಸು ಬೊಚ್ಚು ಬಾಯಲ್ಲೇ ನಕ್ಕರು. "ಪುಣ್ಯವಂತೆ ಬಿಡಿ. ನನ್ನ ಹಲ್ಲು ನೆಟ್ಟಗೆ ಮಾಡಿ ಕೊಡಿ. ಇದನ್ನ ತಗೊಂಡು ಹೋಗಿ ಅವರಿಗೆ ತೋರ್ಸಿ."

ಭಾವ ಮುಂದಿನ ಆರು ಹಲ್ಲುಗಳ ಮೇಣದ ತುಂಡನ್ನು ಹಾಗೇ ಎಬ್ಬಿಸಿ ಸಣ್ಣ ಡಬ್ಬಿಯಲ್ಲಿಟ್ಟರು. ನಾನು ಬೇಡವೆನ್ನಬೇಕಿತ್ತೇ? ಆಣೆ ಮಾಡಿದ್ದೆ. ಅಲ್ಲದೆ, ನಿಜ ಹೇಳಬೇಕೆಂದರೆ, ಬೇಡವೆನ್ನಲು ಮನಸ್ಸೂ ಇರಲಿಲ್ಲ. ಏನಾಗುತ್ತದೋ ಆಗಿಬಿಡಲಿ ಎಂದು ಅವರ ಜೊತೆಯಲ್ಲೇ ಹೊರಟೆ.

ಮನೆಗೆ ಹೋದಾಗ ಇನ್ನೂ ಬೆಳಕಿತ್ತು. ಅಕ್ಕ ಊಟದ ಮೇಜಿನ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಗಂಡ ಇಷ್ಟು ಬೇಗ ಬಂದದ್ದು ಕಂಡು, "ಹುಷಾರಿಲ್ವಾ?" ಎಂದಳು. ಕುರ್ಚಿಯ ಪಕ್ಕ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಭಾವ ಅದನ್ನು ದಾಟಿಕೊಂಡೇ ಬಂದರು.

"ಇದು ಯಾರದು ಹೇಳು ನೋಡೋಣ," ಎಂದು ಡಬ್ಬಿ ತೆರೆದು ಅವಳ ಮುಂದಿಟ್ಟರು.

ಅಕ್ಕ ನೋಡಿದಳು. ತುಂಬ ಹೊತ್ತು ನೋಡಿದಳು. ಬೆರಳ ತುದಿಯಿಂದ ಆ ವಾಲಿದ ಹಲ್ಲನ್ನು ಮುಟ್ಟಿದಳು.

"ನೆನಪಿತ್ತಾ ನಿಮಗೆ?" ಎಂದಳು.

"ನೆನಪೇನು ಬಂತು, ಕೈಗೇ ಗೊತ್ತು! ಬೇರೆಯವರಿಗೆ ಮಾಡೋಕೆ ಹೋದ್ರೆ ನಿಂದೇ ಬಂದು ಕೂರತ್ತೆ. ಎಲ್ಲಿ, ಒಂದು ಸಲ ನಗು. ಪಕ್ಕಕ್ಕಿಟ್ಟು ಹೋಲಿಸ್ತೀನಿ."

"ನಗು ಬರ್ತಿಲ್ಲ."

"ಹೋಗ್ಲಿ, ಹಲ್ಲು ತೋರ್ಸು ಸಾಕು."

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ, ಡಾಕ್ಟರ ಎದುರು ಕೂತವಳ ಹಾಗೆ, ಗಂಡನ ಕಡೆ ಮುಖ ಎತ್ತಿ ತುಟಿ ಸರಿಸಿದಳು.

ಭಾವ ಮೇಣದ ತುಂಡನ್ನು ಅವಳ ಮುಖದ ಪಕ್ಕ ಹಿಡಿದು ಬಗ್ಗಿದರು. ನಗುತ್ತಲೇ ಬಗ್ಗಿದರು. ನಗು ಎಲ್ಲಿ ನಿಂತಿತೆಂದು ನಾನು ಕಣ್ಣಾರೆ ಕಂಡೆ. ಎಷ್ಟೆಂದರೂ ಕಸುಬಿನ ಕಣ್ಣು; ಮೊದಲು ಕಸುಬಿನ ಮಾತೇ ಬಂತು.

"ಇದು ಕ್ಯಾಪು," ಎಂದರು. "ಬಣ್ಣ ಹೊಂದಿಲ್ಲ. ಪಕ್ಕದ್ದಕ್ಕಿಂತ ಬಿಳಿ. ಯಾವನು ಮಾಡಿದ್ದು ಇದನ್ನ?"

ಅಕ್ಕ ತುಟಿ ಮುಚ್ಚಿದಳು.

"ಯಾವಾಗ?"

"ಎಂಟು ತಿಂಗಳಾಯ್ತು," ಎಂದಳು ಅಕ್ಕ. "ಬಿದ್ದೆ. ಫೋನ್ ಮಾಡಿದ್ದೆ ನಿಮಗೆ."

ಭಾವ ಕುರ್ಚಿ ಹುಡುಕಿ ಕೂತರು. ಆಗ ಅವರ ಕಣ್ಣಿಗೆ ಪೆಟ್ಟಿಗೆ ಬಿತ್ತು, ಮಡಿಸಿಟ್ಟ ಬಟ್ಟೆ ಬಿತ್ತು. ಒಂದೊಂದಾಗಿ ನೋಡಿದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು, ಮುಖ ಅಡಿ ಮಾಡಿ ಮೇಜಿನ ಮೇಲಿಟ್ಟರು. ಅದು ಅಲ್ಲೇ ಗುರುಗುಟ್ಟಿ ಸುಮ್ಮನಾಯಿತು. ಇನ್ನೇನು ನೆಪ ಹೇಳುತ್ತಾರೋ, ಕೆಲಸ, ಕ್ಲಿನಿಕ್ಕು, ನಿನಗೋಸ್ಕರವೇ ಅಲ್ಲವೇ ಇದೆಲ್ಲ ಎಂದು ಶುರು ಮಾಡುತ್ತಾರೋ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಹಾಗೇನಾದರೂ ಅಂದಿದ್ದರೆ ಆ ಪೆಟ್ಟಿಗೆಯನ್ನು ನಾನೇ ಹೊತ್ತು ಬಸ್ಸಿಗೆ ಹಾಕುತ್ತಿದ್ದೆ.

"ನೋವಾಯ್ತಾ?" ಎಂದರು ಭಾವ.

ಅಷ್ಟೇ ಕೇಳಿದ್ದು. ಬಿದ್ದ ದಿನ ಅಳದ ಅಕ್ಕ, ಎಂಟು ತಿಂಗಳಲ್ಲಿ ನನ್ನ ಮುಂದೆ ಒಮ್ಮೆಯೂ ಅಳದ ಅಕ್ಕ, ಕೈಯಲ್ಲಿದ್ದ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು ಅತ್ತಳು. "ಹ್ಞೂಂ" ಎಂದಳು ಬಟ್ಟೆಯೊಳಗಿಂದಲೇ. "ತುಂಬಾ ನೋವಾಯ್ತು ರೀ."

ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ. ನನಗೂ ಅಳು ತಡೆಯಲಾಗಲಿಲ್ಲ. ಅಲ್ಲಿಂದ ಅಕ್ಕನ ದನಿ ಕೇಳಿಸುತ್ತಿತ್ತು. ಜಾರಿದ ಮೆಟ್ಟಿಲು, ಬಾಯ ತುಂಬ ರಕ್ತ, ಗಾಜು ತಟ್ಟಿದ ಮುದುಕ, ವರ್ಗ, ದೂರದ ಊರಿನ ಕೋಣೆ, ಎಲ್ಲ. ನಡುನಡುವೆ ಜೋರಾಗಿ ಬೈಯುತ್ತಿದ್ದಳು ಕೂಡ. ಭಾವ ಒಮ್ಮೆಯೂ ಹ್ಞೂಂ ಎನ್ನಲಿಲ್ಲ. ಕೇಳುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಅವರ ಮಾತು ಕೇಳಿಸಿತು.

"ಮೊನ್ನೆ ಒಂದು ಹುಡುಗಿ ಬಂದು ಬದುಕು ಹತ್ತಕ್ಕೆ ಎಷ್ಟು ಅಂತ ಕೇಳಿದ್ಲು. ನಾನು ಎಂಟು ಅಂದೆ ಕಣೇ. ನೀನು ಸುಮ್ನಿದ್ದೀಯಲ್ಲ, ಎಲ್ಲ ಸರಿ ಇದೆ ಅಂದ್ಕೊಂಡಿದ್ದೆ. ನಿಂದೆಷ್ಟು?"

"ಇವತ್ತು ಕೇಳ್ಬೇಡಿ," ಎಂದಳು ಅಕ್ಕ.

ಹೋಗುತ್ತೀಯಾ ಎಂದು ಭಾವ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲವೇನೋ. ಅಕ್ಕನೂ ಹೇಳಲಿಲ್ಲ. ನಾನು ಹೊರಡುವಾಗ ಪೆಟ್ಟಿಗೆ ಹಾಗೇ ಬಾಯಿ ತೆರೆದುಕೊಂಡಿತ್ತು.

ಶನಿವಾರ ಬೆಳಿಗ್ಗೆ ಭಾವ ತಡವಾಗಿ ಬಂದರು. ಕಣ್ಣು ಕೆಂಪಗಿದ್ದವು. ಬಂದವರೇ ಡಾಕ್ಟರಮ್ಮನಿಗೆ ಫೋನು ಮಾಡಿ, ಇನ್ನು ಮೇಲೆ ಮುಂದಿನ ಹಲ್ಲಿನ ಸೆಟ್ಟುಗಳಿಗೆ ಎರಡು ದಿನ ಬೇಕು, ಆಗುವುದಿಲ್ಲವೆಂದರೆ ಆ ಕೆಲಸ ಬೇರೆಯವರಿಗೆ ಕೊಡಿ ಎಂದರು. ಆ ಕಡೆಯಿಂದ ಏನೇನೋ ಕೂಗಾಟ. ಒಂದು ಫೋನಿಗೆ ಮನುಷ್ಯನ ಒತ್ತಡವೆಲ್ಲ ಇಳಿದುಹೋಗುತ್ತದೆಯೇ? ಸೋಮವಾರದಿಂದ ಮತ್ತೆ ಅದೇ ಅಚ್ಚುಗಳು, ಅದೇ ಕೂಗಾಟ ಎಂದು ನನಗೂ ಗೊತ್ತಿತ್ತು. ಆದರೂ ಗುಂಡಿಯನ್ನು ಕಿವಿಗೆ ಹಾಕಿಕೊಳ್ಳದೆ ಮೇಜಿನ ಖಾನೆಗೆ ಹಾಕಿದರು. ಜೇಬಿನಿಂದ ಆ ಸಣ್ಣ ಡಬ್ಬಿ ತೆಗೆದು ಗೋಡೆಯ ಹಲಗೆಯ ಮೇಲೆ, ಪ್ಲಾಸ್ಟರ್ ದವಡೆಗಳ ನಡುವೆ ಇಟ್ಟರು. ಈಜಿನ ಹೆಂಗಸಿನ ಅಚ್ಚನ್ನು ಹತ್ತಿರ ಎಳೆದುಕೊಂಡು ಕೂತರು. ಒಂದೊಂದು ಹಲ್ಲಿಗೂ ಕಣ್ಣಿಟ್ಟು ನೋಡಿ ನಿಲ್ಲಿಸುತ್ತಿದ್ದರು, ಆಗಾಗ ಗಡಿಯಾರ ನೋಡುತ್ತಿದ್ದರು. ಮಧ್ಯಾಹ್ನ ಹತ್ತಿರವಾಗುತ್ತಿತ್ತು. ನಾನೂ ನೋಡುತ್ತಿದ್ದೆ.

ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಕೇಳಿಸಿತು. ನಿಲ್ದಾಣದ ಕಚೇರಿಯಿಂದಲೇ ಬಂದಂತಿತ್ತು. ಎದೆಯ ಮೇಲೆ ಹೆಸರಿನ ಪಟ್ಟಿ ಇನ್ನೂ ಇತ್ತು. ಭಾವ ಎದ್ದು ನಿಂತರು. ಅಕ್ಕ ಅವರ ಕಡೆ ನೋಡದೆ ಗೋಡೆಯ ದವಡೆಗಳ ಮೇಲೆಲ್ಲ ಕಣ್ಣಾಡಿಸಿದಳು. ಡಬ್ಬಿ ಕಂಡಿತು. ತೆಗೆದು, ಮುಚ್ಚಳ ಬಿಚ್ಚಿ ನೋಡಿ, ಭಾವನ ಮುಂದಿಟ್ಟಳು.

"ಇದನ್ನ ಕರಗ್ಸಿ," ಎಂದಳು.

"ಇರ್ಲಿ ಬಿಡೇ," ಎಂದರು ಭಾವ. "ನೆನಪಿಗೆ."

"ನೆನಪು ಯಾಕ್ರೀ ಬೇಕು? ನಾನು ಇಲ್ಲೇ ಇರ್ತೀನಲ್ಲ."

ಭಾವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮೇಣದ ತುಂಡನ್ನು ಬಿಸಿನೀರಿನ ಪಾತ್ರೆಗೆ ಬಿಟ್ಟು, ಅದು ಕರಗುವುದನ್ನೂ ನೋಡದೆ, ಅಕ್ಕನ ಮುಖವನ್ನೇ ನೋಡುತ್ತಾ ನಿಂತರು. ತಳಕ್ಕಿಳಿದ ಆರು ಹಲ್ಲುಗಳನ್ನು ನಾನೇ ಎತ್ತಿ ಒರೆಸಿ ಹಲ್ಲುಗಳ ಖಾನೆಯೊಳಗೆ ಹಾಕಿದೆ.